‘ಟಿಪ್ಪುವಿನ ಕನಸುಗಳು’: ಶ್ರವ್ಯದಿಂದ ದೃಶ್ಯಕ್ಕೆ

ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ವಿಂಗಡಿಸಿದ ನಮ್ಮ ಆಲಂಕಾರಿಕರು ನಾಟಕವನ್ನು ದೃಶ್ಯದ ಪಾಲಿಗೆ ಒಪ್ಪಿಸಿದರು. ಕಿವಿಯೊಂದಕ್ಕೇ ನಿಲುಕುವ ಬಾನುಲಿ ನಾಟಕವು ಈ ವಿಭಾಗಕ್ಕೆ ಒಳಪಡದು. ಆದರೆ ಮನಸ್ಸಿನ ಒಳಗನ್ನೇ ವಸ್ತುವಾಗಿ ಉಳ್ಳ ಕೃತಿಗೆ ಕಣ್ಣಿನ ಹಂಗಿಲ್ಲದಿರುವುದೇ ವರವಾಗಬಲ್ಲದು. ಗಿರೀಶ ಕಾರ್ನಾಡರ ‘ಟಿಪ್ಪುವಿನ ಕನಸುಗಳು’ ಇದಕ್ಕೆ ನಿದರ್ಶನ.

ಭಾರತ ಸ್ವಾತಂತ್ರ್ಯದ ಸುವರ್ಣೋತ್ಸವದ ನಿಮಿತ್ತ ಬಿ.ಬಿ.ಸಿ.ಯ ಕೋರಿಕೆಯಂತೆ ಇಂಗ್ಲಿಷಿನಲ್ಲಿ ರಚಿತವಾಗಿ 1997ರಲ್ಲಿ ಪ್ರಸಾರಗೊಂಡ ಈ ನಾಟಕವನ್ನು ಕಾರ್ನಾಡರೇ ಕನ್ನಡಕ್ಕೆ ತಂದರು. ಇದರ ಬೀಜ ಒಂದು ಸಣ್ಣ ಹೊತ್ತಗೆ. ಟಿಪ್ಪು ತನ್ನ ಕನಸುಗಳನ್ನು ಪಾರಸಿಯಲ್ಲಿ ಸ್ವಹಸ್ತದಿಂದ ಬರೆದು ಗುಪ್ತವಾಗಿ ಇಟ್ಟುಕೊಂಡಿದ್ದನು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದ ತರುವಾಯ ಅದು ಕರ್ನಲ್ ಕರ್ಕ್‌ಪ್ಯಾಟ್ರಿಕ್‌ನ ಕೈಸೇರಿ, ಮರುವರ್ಷ ಲಂಡನ್ನಿನಲ್ಲಿ ಕುಂಪಣಿಯವರಿಗೆ ಅರ್ಪಿತವಾಯಿತು. ನಾಟಕದಲ್ಲಿ ಇತಿಹಾಸಕಾರ ಕಿರ್ಮಾನಿಯೂ ಕಾಲಿನ್ ಮೆಕೆಂಜಿಯೂ ಗತಿಸಿದ ಸುಲ್ತಾನನ ಸ್ಮೃತಿಯನ್ನು ಕೆದಕುತ್ತಾರೆ.

ಚರಕನು ಕನಸುಗಳಲ್ಲಿ ಏಳು ಬಗೆಗಳನ್ನು ಎಣಿಸಿದನು. ಬಯಸಿದ್ದನ್ನು ಕಾಣುವುದು ಪ್ರಾರ್ಥಿತ. ಬರಲಿರುವುದನ್ನು ಸೂಚಿಸುವುದು ಭಾವಿಕ. ಪ್ರಾರ್ಥಿತವನ್ನು ಭಾವಿಕವೆಂದು ನಂಬುವುದರಲ್ಲಿಯೇ ದುರಂತದ ಬೇರಿದೆ. ಸವಣೂರಿನ ಬಳಿ ಮರಾಠರ ಪಾಳೆಯದ ಮೇಲೆ ರಾತ್ರಿಯ ದಾಳಿಗೆ ಮುಂಚೆ, ಸುಂದರ ತರುಣನೊಬ್ಬನು ಹತ್ತಿರ ಬಂದು ಕುಳಿತು, ಕಡೆಗೆ ಪುರುಷವೇಷದ ಹೆಂಗಸೆಂದು ತಿಳಿದುಬಂದಂತೆ ಟಿಪ್ಪು ಕನಸು ಕಂಡನೆಂದು ಹೊತ್ತಗೆಯಲ್ಲಿದೆ. ಮರಾಠರು ವೇಷಮಾತ್ರದಿಂದ ಗಂಡಸರೆಂದು ಅವನು ಅದಕ್ಕೆ ಅರ್ಥ ಹಚ್ಚಿದನು. ಅದೇ ಮರಾಠರು 1791ರಲ್ಲಿ ಕುಂಪಣಿಯ ಪಡೆಯೊಡನೆ ಕೂಡಿ ಧಾರವಾಡದ ಕೋಟೆಯನ್ನು ಅವನಿಂದ ಕಿತ್ತುಕೊಂಡರು. ಮರಾಠಿ ಕನ್ನಡಗಳೆರಡೂ ಆಡುನುಡಿಯಾಗಿರುವ ಅಥಣಿಯ ಸೀಮೆಯಲ್ಲಿ ಈ ಸ್ವಪ್ನಾರ್ಥವು ಬರಿಯ ವಿನೋದವಾಗಿ ಕೇಳಿಸದು.

ಬಾನುಲಿಯಲ್ಲಿ ಎಚ್ಚರಕ್ಕೂ ಕನಸಿಗೂ ನಡುವೆ ಗೋಡೆಯಿಲ್ಲ. ದನಿ ಸ್ವಲ್ಪ ತಗ್ಗಿದರೆ ಸಾಕು, ಕೇಳುವವನು ದಾಟಿಹೋಗುತ್ತಾನೆ. ರಂಗದ ಮೇಲಾದರೋ ನಟನ ದೇಹವು ಕಣ್ಣೆದುರಿಗಿದೆ. ಬೆಳಕಿನಿಂದಲೂ ಉಡುಪಿನಿಂದಲೂ ಇದು ಕನಸೆಂದು ಸಾರಬೇಕಾಗುತ್ತದೆ. ಸಾರಿದ ಕನಸು ಅರ್ಧ ಕನಸು. ಭಾಸನ ‘ಸ್ವಪ್ನವಾಸವದತ್ತ’ದಲ್ಲಿ ಉದಯನನು ಕಂಡದ್ದು ಕನಸೋ ನಿಜವೋ ಎಂದು ಬಗೆಹರಿಯದಿರುವುದೇ ರಸಕ್ಕೆ ಕಾರಣವಲ್ಲವೆ?

ಭಾಷೆಯ ಮಾತು ಇನ್ನೂ ಸೂಕ್ಷ್ಮ. ಪಾರಸಿಯ ಗುಟ್ಟು ಗೆದ್ದವರ ಇಂಗ್ಲಿಷಿನಲ್ಲಿ ಬಯಲಾಗುವಾಗ ಅದರಲ್ಲೊಂದು ವ್ಯಂಗ್ಯವಿದೆ: ಸೋತವನ ಸ್ವಪ್ನವೂ ಲೂಟಿಯ ಒಡವೆಯೇ. ಕನ್ನಡದಲ್ಲಿ ಸುಲ್ತಾನನೂ ಕುಂಪಣಿಯವರೂ ಒಂದೇ ನುಡಿಯನ್ನಾಡುವುದರಿಂದ ಆ ವ್ಯಂಗ್ಯವು ಮಸುಕಾಗುತ್ತದೆ. ಇದು ನಷ್ಟವೆಂದು ಒಪ್ಪಲೇಬೇಕು. ಲಾಭವೂ ಉಂಟು. ಶ್ರೀರಂಗಪಟ್ಟಣ, ಸವಣೂರು, ಧಾರವಾಡಗಳೆಂಬ ಹೆಸರುಗಳು ಕನ್ನಡ ಕಿವಿಗೆ ಪರದೇಶದ ಊರುಗಳಾಗಿ ಉಳಿಯದೆ ನಡೆದು ಕಂಡ ನೆಲವಾಗುತ್ತವೆ. ಪಾರಸಿಯಲ್ಲಿ ಹುಟ್ಟಿದ ಕನಸು ಹೀಗೆ ಮೂರನೆಯ ಭಾಷೆಯಲ್ಲಿ ತನ್ನ ನೆಲವನ್ನು ಸೇರುತ್ತದೆ.

ಆದುದರಿಂದ ಸಹೃದಯರು ಈ ಕೃತಿಯನ್ನು ಮೌನವಾಗಿ ಓದಿ ಮುಗಿಸದೆ, ಮನೆಮಂದಿ ಪಾತ್ರಗಳನ್ನು ಹಂಚಿಕೊಂಡು ಗಟ್ಟಿಯಾಗಿ ಓದಿ ಕೇಳುವುದು ಲೇಸು. ಕಿವಿಗಾಗಿ ಹುಟ್ಟಿದ್ದು ಕಿವಿಯಲ್ಲಿಯೇ ಬಾಳುತ್ತದೆ.