ಕೊಂದವನ ಹೆಸರು ನೋಡಿ ರೋಗ ಹೇಳುವವರು

2011ರ ಜುಲೈ 22ರಂದು ನಾರ್ವೆಯ ರಾಜಧಾನಿ ಓಸ್ಲೋದ ಸರಕಾರಿ ಕಚೇರಿಗಳ ಎದುರು ಬಾಂಬ್ ಸ್ಫೋಟಿಸಿ 8 ಮಂದಿ ಸತ್ತರು. ಅದೇ ಸಂಜೆ ಉಟೋಯಾ ದ್ವೀಪದಲ್ಲಿ, ಲೇಬರ್ ಪಕ್ಷದ ಯುವ ಶಿಬಿರದ ಮೇಲೆ ನಡೆದ ಗುಂಡಿನ ದಾಳಿಗೆ 69 ಮಂದಿ ಬಲಿಯಾದರು. ಕೊಂದವನಾರೆಂದು ಖಚಿತವಾಗುವ ಮೊದಲೇ ಟಿ.ವಿ.ಗಳಲ್ಲಿ ಕುಳಿತ ಅನೇಕ ಪರಿಣತರು ಅಲ್‌ಕೈದಾದತ್ತ ಬೆರಳು ತೋರಿಸಿದ್ದರು. ಮರುದಿನ ಬ್ರಿಟನ್ನಿನ 'ದಿ ಸನ್' ಪತ್ರಿಕೆಯ ಮುಖಪುಟದ ಶೀರ್ಷಿಕೆಯಲ್ಲೂ ಅದೇ ಹೆಸರಿತ್ತು. ಆದರೆ ಸಿಕ್ಕಿಬಿದ್ದವನು ಆಂಡರ್ಸ್ ಬ್ರೇವಿಕ್. ಮುಸ್ಲಿಮರನ್ನೂ ವಲಸಿಗರನ್ನೂ ದ್ವೇಷಿಸುತ್ತಿದ್ದ ನಾರ್ವೆಯ ಬಿಳಿಯ. ಆಗ ಚರ್ಚೆಯ ಭಾಷೆಯೇ ಬದಲಾಯಿತು. ಸಂಘಟನೆ, ಸಿದ್ಧಾಂತ ಎಂಬ ಪದಗಳಿದ್ದ ಕಡೆ ಹುಚ್ಚ, ಒಂಟಿ ಎಂಬ ಪದಗಳು ಬಂದು ಕುಳಿತವು.

ಮನೋರೋಗದ ಪತ್ತೆ ಅಷ್ಟೊಂದು ಸುಲಭವೇ? ನ್ಯಾಯಾಲಯ ನೇಮಿಸಿದ ಇಬ್ಬರು ಮನೋವೈದ್ಯರು ಬ್ರೇವಿಕ್‌ನನ್ನು ಹಲವು ಸಲ ಮಾತಾಡಿಸಿ, ಅವನಿಗೆ ಪ್ಯಾರನಾಯ್ಡ್ ಸ್ಕಿಝೋಫ್ರೇನಿಯಾ ಇದೆಯೆಂದು 2011ರ ನವೆಂಬರ್‌ನಲ್ಲಿ ವರದಿ ಕೊಟ್ಟರು. 2012ರ ಎಪ್ರಿಲ್‌ನಲ್ಲಿ ಬೇರೆ ಇಬ್ಬರು ವೈದ್ಯರು, ಕೃತ್ಯದ ವೇಳೆ ಅವನಿಗೆ ಅಂಥ ರೋಗವಿರಲಿಲ್ಲವೆಂದರು. ತನ್ನನ್ನು ಹುಚ್ಚನೆನ್ನುವುದನ್ನು ಸ್ವತಃ ಬ್ರೇವಿಕ್ ವಿರೋಧಿಸಿದ. 2012ರ ಆಗಸ್ಟ್ 24ರಂದು ನ್ಯಾಯಾಲಯ ಅವನು ಸ್ವಸ್ಥಚಿತ್ತನೆಂದು ತೀರ್ಮಾನಿಸಿ, ಅಗತ್ಯ ಬಿದ್ದರೆ ವಿಸ್ತರಿಸಬಹುದಾದ 21 ವರ್ಷಗಳ ಬಂಧನ ವಿಧಿಸಿತು. ಎದುರು ಕುಳಿತು ಪರೀಕ್ಷಿಸಿದ ತಜ್ಞರಲ್ಲೇ ಒಮ್ಮತವಿಲ್ಲದ ಪ್ರಶ್ನೆಗೆ ಸ್ಟುಡಿಯೋದಲ್ಲಿ ಕುಳಿತವರು ಒಂದು ಗಂಟೆಯಲ್ಲಿ ಉತ್ತರ ಕೊಟ್ಟುಬಿಡುತ್ತಾರೆ.

ಸರಿಯಾಗಿ ಐದು ವರ್ಷಗಳ ಬಳಿಕ, 2016ರ ಜುಲೈ 22ರಂದು ಜರ್ಮನಿಯ ಮ್ಯೂನಿಕ್‌ನಲ್ಲಿ ಇರಾನಿ ಮೂಲದ 18ರ ಯುವಕನೊಬ್ಬ 9 ಮಂದಿಯನ್ನು ಗುಂಡಿಕ್ಕಿ ಕೊಂದ. ಮೊದಲು ಇಸ್ಲಾಮೀ ಉಗ್ರವಾದದ ಶಂಕೆ ಹರಡಿತು. ಅವನು ಖಿನ್ನತೆಗೆ ಚಿಕಿತ್ಸೆ ಪಡೆದಿದ್ದನೆಂದು ತಿಳಿದೊಡನೆ ರೋಗವೇ ಕಾರಣವೆನಿಸಿತು. ಅವನಿಗೆ ಬ್ರೇವಿಕ್ ಆದರ್ಶನಾಗಿದ್ದುದು, ಸತ್ತವರಲ್ಲಿ ಹೆಚ್ಚಿನವರು ವಲಸಿಗ ಕುಟುಂಬದವರಾಗಿದ್ದುದು ಹಿಂದೆ ಸರಿದವು. ಅದು ಬಲಪಂಥೀಯ ದ್ವೇಷದ ಕೃತ್ಯವೆಂದು ಬವೇರಿಯಾದ ಪೊಲೀಸರು ಒಪ್ಪಿದ್ದು 2019ರಲ್ಲಿ. ಅವನ ಖಿನ್ನತೆ ನಿಜವಿರಬಹುದು. ಆದರೆ ಯಾರನ್ನು ಕೊಲ್ಲಬೇಕೆಂದು ಖಿನ್ನತೆ ಹೇಳಿಕೊಡುವುದಿಲ್ಲ, ದ್ವೇಷ ಹೇಳಿಕೊಡುತ್ತದೆ.

ಮಾಧ್ಯಮಗಳನ್ನು ಮಾತ್ರ ದೂರಿ ನಾವು ಪಾರಾಗುವಂತಿಲ್ಲ. ಕೊಂದವನ ಹೆಸರು ನಮ್ಮವರದ್ದಾಗಿದ್ದರೆ 'ಅವನಿಗೆ ತಲೆ ಸರಿಯಿಲ್ಲ' ಎಂದು ಕೈತೊಳೆದುಕೊಳ್ಳುವ ಆತುರ ನಮ್ಮಲ್ಲೂ ಇದೆ. ಇತರರು ಹಾಗೆ ಮಾಡಿದಾಗ ಅದನ್ನು ಪಕ್ಷಪಾತವೆನ್ನುವ ನಾವು, ನಾವೇ ಮಾಡಿದಾಗ ಸಮುದಾಯದ ಮಾನ ಉಳಿಸಿದೆವೆಂದು ಸಮಾಧಾನಪಡುತ್ತೇವೆ.

ಈ ಎಳೆದಾಟದಲ್ಲಿ ಪೆಟ್ಟು ಬೀಳುವುದು ಯಾವ ತಪ್ಪನ್ನೂ ಮಾಡದವರಿಗೆ. ಮನೋರೋಗಿಗಳಲ್ಲಿ ಬಹುಪಾಲು ಮಂದಿ ಯಾರ ಮೇಲೂ ಕೈ ಎತ್ತುವವರಲ್ಲ. ಅವರು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ಗುರಿಯಾಗುವುದೇ ಹೆಚ್ಚು. ಪ್ರತಿ ಹತ್ಯಾಕಾಂಡದ ಬಳಿಕ ರೋಗದ ಹೆಸರು ಶೀರ್ಷಿಕೆಯಾದರೆ, ನಮ್ಮೂರಿನ ತಾಯಿಯೊಬ್ಬಳು ಮಗನ ಮಾತ್ರೆಗಳನ್ನು ನೆರೆಯವರ ಕಣ್ಣಿಗೆ ಬೀಳದಂತೆ ಅಡಗಿಸಿಡುತ್ತಾಳೆ. ಜನರಾಡುವ ಮಾತಿಗೆ ಹೆದರಿದ ಯುವತಿಯೊಬ್ಬಳು ವೈದ್ಯರ ಬಾಗಿಲಿನ ತನಕ ಹೋಗಿ ಮರಳುತ್ತಾಳೆ.

ಆದ್ದರಿಂದ ನಾವು ಕೇಳುವುದು ಇಷ್ಟೇ: ತನಿಖೆ ಮುಗಿಯುವ ತನಕ ಧರ್ಮವನ್ನು ಎಳೆದು ತರಬೇಡಿ, ವೈದ್ಯರು ಪರೀಕ್ಷಿಸುವ ತನಕ ರೋಗವನ್ನೂ ಎಳೆದು ತರಬೇಡಿ. ಅಲ್ಲಿಯವರೆಗೆ ಬರೆಯಲು ಸತ್ತವರ ಬದುಕುಗಳಿವೆ. ಅವುಗಳ ಬಗ್ಗೆ ನಾವು ಓದಿದ್ದು ಬಹಳ ಕಡಿಮೆ.