ಉಕ್ಕಿನ ಸೈಕಲ್ಲಿನ ಚೆಲುವು ಯಾರದು?

ಒಂದು ವಸ್ತು ಚೆಲುವಾಗಿದೆ ಎಂಬ ಮಾತು ಹುಟ್ಟುವುದು ಯಾವಾಗ? ಅದನ್ನು ದಿನವೂ ಬಳಸುವವರ ಬಾಯಲ್ಲಿ ಈ ಮಾತು ಬರುವುದು ಕಡಿಮೆ. ರಾಗಿ ಬೀಸುತ್ತಿದ್ದ ಹೆಂಗಸರು ಬೀಸುಕಲ್ಲಿನ ಮೇಲೆ ಹಾಡು ಕಟ್ಟಿದರು, ಆದರೆ ಅದನ್ನು ಅಲಂಕಾರಕ್ಕೆಂದು ನಡುಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ಗಿರಣಿ ಬಂದು, ಬೀಸುಕಲ್ಲು ಹಿತ್ತಲು ಸೇರಿ, ಅಲ್ಲಿಂದ ನಗರದ ಹೋಟೆಲುಗಳ ಮುಂಬಾಗಿಲಿಗೆ ಹೋದ ಮೇಲೆ ಅದು ಅಲಂಕಾರದ ವಸ್ತುವಾಯಿತು. ಉಕ್ಕಿನ ಸೈಕಲ್ಲಿಗೂ ಈಗ ಅದೇ ಯೋಗ ಕೂಡಿಬಂದಿದೆ.

ಕಳೆದ ಶತಮಾನದ ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಜಪಾನಿನಲ್ಲಿ ತಯಾರಾದ ಫ್ಯೂಜಿ, ಮಿಯಾಟಾ, ಪ್ಯಾನಾಸೋನಿಕ್, ನಿಶಿಕಿ, ಬ್ರಿಜ್‌ಸ್ಟೋನ್ ಮುಂತಾದ ಸೈಕಲ್ಲುಗಳನ್ನು ಇಂದು ಅಮೆರಿಕ, ಯುರೋಪಿನ ಜನ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ತುಕ್ಕು ಕೆರೆದು, ಬಣ್ಣ ಉಳಿಸಿ, ಹಳೆಯ ಬಿಡಿಭಾಗಗಳನ್ನು ಜೋಡಿಸಿ ಮತ್ತೆ ರಸ್ತೆಗಿಳಿಸುತ್ತಾರೆ. ಕಾರ್ಬನ್ ಫೈಬರಿನ ಹಗುರ ಸೈಕಲ್ಲುಗಳ ಕಾಲದಲ್ಲಿ ಈ ಮೋಹ ಏಕೆ? ಬರೀ ಹಳೆಯದರ ಹಂಬಲವೆಂದು ತಳ್ಳಿಹಾಕಬಹುದೇ? ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗದಂಥ, ಕೋಟೆ ಹೊತ್ತ ಬೆಟ್ಟದ ಬುಡದ ಊರಿನಲ್ಲಿ ನಿಂತು ಕೇಳಿದರೆ ಈ ಪ್ರಶ್ನೆಗೆ ಬೇರೆಯೇ ಅರ್ಥ ಬರುತ್ತದೆ. ಏಕೆಂದರೆ ಉಕ್ಕಿನ ಸೈಕಲ್ಲು ಇಲ್ಲಿ ಯಾರ ಗೋಡೆಯನ್ನೂ ಅಲಂಕರಿಸಿದ್ದಲ್ಲ. ಕಡಲೆಕಾಯಿ ಮೂಟೆ, ಹಾಲಿನ ಕ್ಯಾನು, ಗಿರಣಿಗೆ ಹೋಗುವ ರಾಗಿ, ಬಟ್ಟೆ ಮಾರುವವನ ಗಂಟು ಇವನ್ನೆಲ್ಲ ಹೊತ್ತದ್ದು.

ಮೊದಲು ಜಪಾನಿನ ಕತೆ ನೋಡೋಣ. 1543ರಲ್ಲಿ ಪೋರ್ಚುಗೀಸರು ತನೆಗಾಶಿಮಾ ದ್ವೀಪಕ್ಕೆ ಬಂದೂಕು ತಂದರು. ಅದನ್ನು ನೋಡಿ ಕಲಿತು ಮಾಡಿದ ಊರುಗಳಲ್ಲಿ ಒಸಾಕಾ ಪಕ್ಕದ ಸಕಾಯ್ ಮುಖ್ಯವಾದದ್ದು. ಕತ್ತಿ, ಚಾಕು, ಬಂದೂಕು ಮಾಡುತ್ತಿದ್ದ ಈ ಕಮ್ಮಾರರ ಊರು ಮುಂದೆ ಸೈಕಲ್ ಬಿಡಿಭಾಗಗಳ ಊರಾಯಿತು. 1921ರಲ್ಲಿ ಇಲ್ಲೇ ಶಿಮಾನೊ ಕಾರ್ಖಾನೆ ಆರಂಭವಾಯಿತು. ಅದು ಮೊದಲು ಮಾಡಿದ ಸಾಮಾನು ಫ್ರೀವೀಲು. ಟೋಕಿಯೋದ ಮಿಯಾಟಾ ಕೂಡ ಮೊದಲು ಬಂದೂಕಿನ ಕಾರ್ಖಾನೆಯೇ. ಕೊಳವೆಯನ್ನು ನೇರವಾಗಿ, ತೆಳುವಾಗಿ, ಗಟ್ಟಿಯಾಗಿ ಮಾಡುವ ಕೈ ಕೊಲ್ಲುವ ಸಾಧನದಿಂದ ಸಾಗುವ ಸಾಧನಕ್ಕೆ ತಿರುಗಿತು. ಇತಿಹಾಸದಲ್ಲಿ ಇಂಥ ಒಳ್ಳೆಯ ತಿರುವುಗಳು ಹೆಚ್ಚಿಲ್ಲ.

ಜಪಾನಿನ ಒಳ್ಳೆಯ ಸೈಕಲ್ಲಿನ ಉಕ್ಕಿನಲ್ಲಿ ಕ್ರೋಮಿಯಂ, ಮಾಲಿಬ್ಡಿನಂ ಬೆರೆತಿರುತ್ತದೆ. ಕೊಳವೆಯ ಎರಡು ತುದಿ ದಪ್ಪ, ನಡು ತೆಳು. ಬೆಸುಗೆ ಬೀಳುವ ಕಡೆ ಬಲ ಬೇಕು, ನಡುವೆ ಅಷ್ಟು ಬೇಡ. ಬೇಡದ ಕಡೆಯ ತೂಕವನ್ನು ತೆಗೆದುಹಾಕಿದ್ದಾರೆ. ಕೊಳವೆಗಳು ಕೂಡುವ ಜಾಗದಲ್ಲಿ ಲಗ್ ಎಂಬ ತೋಳು ತೊಡಿಸಿ, ಹಿತ್ತಾಳೆಯನ್ನೋ ಬೆಳ್ಳಿ ಬೆರೆತ ಲೋಹವನ್ನೋ ಕರಗಿಸಿ ಕೂಡಿಸುತ್ತಾರೆ. ಕೆಲಸ ಚೆನ್ನಾಗಿದ್ದರೆ ಲಗ್ಗಿನ ಅಂಚು ಹರಿತವಾಗಿ, ಗೆರೆ ಎಳೆದಂತೆ ಕಾಣುತ್ತದೆ. ಕೆಟ್ಟಿದ್ದರೆ ಅದೂ ಕಾಣುತ್ತದೆ. ತನ್ನನ್ನು ಹೇಗೆ ಕಟ್ಟಲಾಗಿದೆ ಎಂಬುದನ್ನು ಮುಚ್ಚಿಡದ ವಸ್ತು ಅದು. ಒಳ್ಳೆಯ ಕತೆಯ ಗುಣವೂ ಹೆಚ್ಚುಕಡಿಮೆ ಇದೇ.

ಜಪಾನೀಯರು ಅನುಕರಣೆಯಲ್ಲೇ ನಿಲ್ಲಲಿಲ್ಲ. ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಸಾಧನವನ್ನು 1964ರಲ್ಲಿ ಸನ್‌ಟೂರ್ ಕಂಪನಿ ಓರೆಯಾಗಿಸಿ ಹೊಸದಾಗಿ ರೂಪಿಸಿತು. ಅದರ ಪೇಟೆಂಟಿನ ಅವಧಿ ಮುಗಿದ ಮೇಲೆ ಉಳಿದವರೂ ಅದನ್ನೇ ಹಿಡಿದರು. 1984ರಲ್ಲಿ ಶಿಮಾನೊ ಒಂದೊಂದು ಗೇರಿಗೂ ಟಿಕ್ ಎಂದು ಕೂರುವ ವ್ಯವಸ್ಥೆ ತಂದಿತು. ಯುರೋಪಿನಲ್ಲಿ ಹಣವಂತ ಹವ್ಯಾಸಿಗಳಿಗೂ ಪಂದ್ಯದ ಸವಾರರಿಗೂ ಸಿಗುತ್ತಿದ್ದ ನಯವನ್ನು ಜಪಾನಿನವರು ಮಧ್ಯಮ ವರ್ಗದ ಬೆಲೆಗೆ ಕೊಟ್ಟರು. 1985ರ ಪ್ಲಾಜಾ ಒಪ್ಪಂದದ ನಂತರ ಯೆನ್ ಬೆಲೆ ಏರಿ, ರಫ್ತು ದುಬಾರಿಯಾಗಿ, ಆ ಯುಗ ಬಹುಪಾಲು ಮುಗಿಯಿತು. ತಯಾರಿಕೆ ತೈವಾನಿಗೆ ಹೋಯಿತು. ಇವತ್ತಿನ ಮೋಹದಲ್ಲಿ ಹೀಗೆ ನಿಂತುಹೋದ ಒಂದು ಕಸುಬಿನ ದುಃಖವೂ ಇದೆ.

ಇನ್ನು ನಮ್ಮ ಸೈಕಲ್ಲು. ಇದರ ಅಚ್ಚು ಇಂಗ್ಲೆಂಡಿನದು. 1949ರಲ್ಲಿ ಮದರಾಸಿನ ಮುರುಗಪ್ಪ ಬಳಗ ಇಂಗ್ಲೆಂಡಿನ ಟ್ಯೂಬ್ ಇನ್‌ವೆಸ್ಟ್‌ಮೆಂಟ್ಸ್ ಜೊತೆ ಸೇರಿ ಆರಂಭಿಸಿದ ಕಂಪನಿಯಿಂದ ಹರ್ಕ್ಯುಲಿಸ್, ಬಿಎಸ್‌ಎ ಬಂದವು. 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಬಂದವು. 28 ಇಂಚಿನ ಚಕ್ರ, ಕಡ್ಡಿ ಬ್ರೇಕು, ಹಿಂದೆ ಕ್ಯಾರಿಯರು, ಸುಮಾರು 20 ಕಿಲೋ ತೂಕ. ಜಪಾನಿನ ರಸ್ತೆ ಸೈಕಲ್ಲಿನ ತೂಕ ಇದರ ಅರ್ಧದಷ್ಟು. ಪರಿಣತರ ಕಣ್ಣಿಗೆ ನಮ್ಮದು ಎಮ್ಮೆ. ಆದರೆ ಎಮ್ಮೆಯ ಮೇಲಿನ ಈ ತಿರಸ್ಕಾರ ಹಾಲು ಕುಡಿಯುವವರಿಗೆ ಒಪ್ಪುವ ಮಾತಲ್ಲ. ಮಧುಗಿರಿ, ಪಾವಗಡದ ಕಡೆಯ ಕಲ್ಲು ರಸ್ತೆ, ಜಾಲಿ ಮುಳ್ಳು, ಹಿಂದೆ ಒಂದು ಮೂಟೆ, ಮುಂದಿನ ಕಂಬಿಯ ಮೇಲೆ ಒಂದು ಮಗು ಎಂಬ ಲೆಕ್ಕಕ್ಕೆ ಹತ್ತು ಕಿಲೋದ ಚೆಲುವೆ ತಾಳುತ್ತಿರಲಿಲ್ಲ. ಹ್ಯಾಂಡಲಿನ ಕೆಳಗಿನ ಕೊಳವೆ ಹೆಚ್ಚು ವಾಲಿರುವುದು, ಚಕ್ರಗಳ ನಡುವೆ ದೂರವಿರುವುದು ರಸ್ತೆಯ ಕುಲುಕನ್ನು ನುಂಗುವುದಕ್ಕೆ. ನಮ್ಮ ಸೈಕಲ್ಲಿನಲ್ಲೂ ಲಗ್ ಇದೆ, ಹಿತ್ತಾಳೆ ಬೆಸುಗೆ ಇದೆ. ಅಂಚು ಒರಟು, ಆದರೆ ವಿದ್ಯೆ ಅದೇ.

ಹೀರೋ ಎಂಬ ಹೆಸರಿನ ಹಿಂದೆ ನಮ್ಮ ಓದುಗರು ತಿಳಿಯಬೇಕಾದ ಸಂಗತಿಯೊಂದಿದೆ. ಕರೀಂ ದೀನ್ ಎಂಬವರು ಸೈಕಲ್ಲಿನ ಸೀಟು ತಯಾರಿಸಿ ಈ ಹೆಸರಿನಲ್ಲಿ ಮಾರುತ್ತಿದ್ದರು. ದೇಶ ವಿಭಜನೆಯಾಗಿ ಅವರು ಪಾಕಿಸ್ತಾನಕ್ಕೆ ಹೊರಟಾಗ, ಅತ್ತ ಕಡೆಯಿಂದ ಇತ್ತ ಬಂದಿದ್ದ ಮುಂಜಾಲ್ ಸೋದರರು ಆ ಹೆಸರನ್ನು ತಾವು ಬಳಸಬಹುದೇ ಎಂದು ಕೇಳಿದರು, ಅವರು ಒಪ್ಪಿದರು ಎಂದು ಮುಂಜಾಲ್ ಕುಟುಂಬದ ಚರಿತ್ರೆ ಹೇಳುತ್ತದೆ. ಮನೆ, ಹೊಲ, ಮಾನ ಕಿತ್ತುಕೊಂಡ ಆ ದಿನಗಳಲ್ಲಿ ಒಂದು ಹೆಸರು ಕೇಳಿ ಪಡೆದದ್ದೂ ಕೊಟ್ಟದ್ದೂ ಉಂಟು. 1986ರಲ್ಲಿ ಅದೇ ಹೆಸರಿನ ಕಂಪನಿ ಜಗತ್ತಿನಲ್ಲೇ ಹೆಚ್ಚು ಸೈಕಲ್ ತಯಾರಿಸುವುದೆಂದು ಗಿನ್ನೆಸ್ ದಾಖಲೆ ಸೇರಿತು.

ಹಾಗೆಂದು ಕರಿ ಸೈಕಲ್ಲನ್ನು ಬಡವರ ವಾಹನವೆಂದು ಪೂಜಿಸುವ ನಮ್ಮ ಪ್ರಗತಿಪರ ಭಾವುಕತೆಯನ್ನೂ ನಾನು ಒಪ್ಪಲಾರೆ. ಹಳ್ಳಿಯಲ್ಲಿ ಸೈಕಲ್ಲು ಎಲ್ಲರದಾಗಿರಲಿಲ್ಲ. ವಾಚು, ರೇಡಿಯೋ ಜೊತೆ ಅದು ವರದಕ್ಷಿಣೆಯ ಪಟ್ಟಿಯಲ್ಲಿತ್ತು. ಹೆಣ್ಣಿನ ತಂದೆಯ ಸಾಲದ ಮೇಲೆ ಅಳಿಯ ತುಳಿದ. ಮೇಲುಜಾತಿಯ ಬೀದಿ ಬಂದಾಗ ಇಳಿದು ತಳ್ಳಿಕೊಂಡು ಹೋಗಬೇಕಾದ ದಲಿತರ ಅನುಭವ ಈ ದೇಶದ ಅನೇಕ ಕಡೆಯದು. ಹೆಂಗಸರಿಗಂತೂ ಆ ಅಡ್ಡಕಂಬಿ ಸೀಟಿಗೂ ಹ್ಯಾಂಡಲಿಗೂ ನಡುವಿನ ಕೊಳವೆ ಮಾತ್ರವಾಗಿರಲಿಲ್ಲ, ಅದೊಂದು ಗೇಟಾಗಿತ್ತು. ನಮ್ಮ ಮನೆಗಳಲ್ಲಿ ಎಷ್ಟು ಜನ ಅಮ್ಮಿ, ಖಾಲಾ, ಆಪಾಗಳು ಕ್ಯಾರಿಯರಿನ ಮೇಲೆ ಪಕ್ಕಕ್ಕೆ ಕೂತು ಜೀವನ ಕಳೆದರು, ಎಷ್ಟು ಜನ ಸೀಟಿನ ಮೇಲೆ ಕೂತರು? ಲೆಕ್ಕ ಹಾಕಿದರೆ ಕರಿ ಸೈಕಲ್ಲಿನ ಹೊಳಪು ಸ್ವಲ್ಪ ಕಮ್ಮಿಯಾಗುತ್ತದೆ.

ತಮಿಳುನಾಡಿನ ಪುದುಕೊಟ್ಟೈಯಲ್ಲಿ 1990ರ ದಶಕದ ಮೊದಲ ವರ್ಷಗಳಲ್ಲಿ ಈ ಗೇಟು ಮುರಿಯಿತು. ಸಾಕ್ಷರತಾ ಆಂದೋಲನದ ಭಾಗವಾಗಿ ಹಳ್ಳಿಯ ಹೆಂಗಸರು, ಮುಸ್ಲಿಂ ಹೆಣ್ಣುಮಕ್ಕಳೂ ಸೇರಿ, ಲಕ್ಷದ ಲೆಕ್ಕದಲ್ಲಿ ಸೈಕಲ್ಲು ಕಲಿತದ್ದನ್ನು ಪತ್ರಕರ್ತ ಪಿ. ಸಾಯಿನಾಥ್ ದಾಖಲಿಸಿದ್ದಾರೆ. ಲೇಡೀಸ್ ಸೈಕಲ್ಲು ಸಾಲದಾದಾಗ ಗಂಡಸರ ಸೈಕಲ್ಲನ್ನೇ ಹತ್ತಿದರು. ಕಂಬಿಯ ಮೇಲೆ ಮಗುವನ್ನು ಕೂರಿಸಬಹುದೆಂದು ಕೆಲವರು ಅದನ್ನೇ ಮೆಚ್ಚಿದರಂತೆ. ತಡೆಯಾಗಿದ್ದ ಕಂಬಿ ತೊಟ್ಟಿಲಾಯಿತು. ಸೌದಿ ಅರೇಬಿಯಾದ ಹೈಫಾ ಅಲ್ ಮನ್ಸೂರ್ 2012ರಲ್ಲಿ ಮಾಡಿದ ‘ವಜ್ದಾ’ ಸಿನಿಮಾದ ಹುಡುಗಿ ಹಸಿರು ಸೈಕಲ್ಲೊಂದನ್ನು ಕೊಳ್ಳಲು ಕುರಾನ್ ಪಠಣ ಸ್ಪರ್ಧೆಗೆ ಸೇರುತ್ತಾಳೆ. ಅವಳಿಗೆ ಸೈಕಲ್ಲು ಬೇಕಾದದ್ದು ನೆರೆಯ ಹುಡುಗನನ್ನು ಓಟದಲ್ಲಿ ಹಿಂದೆ ಹಾಕಲು. ಡಿ ಸಿಕಾ 1948ರಲ್ಲಿ ಮಾಡಿದ ‘ಬೈಸಿಕಲ್ ಥೀವ್ಸ್’ನಲ್ಲಿ ಮನೆಯ ಹಾಸಿಗೆ ಬಟ್ಟೆ ಅಡವಿಟ್ಟು ಸೈಕಲ್ಲು ಬಿಡಿಸಿಕೊಳ್ಳುತ್ತಾರೆ. ಈ ಇಬ್ಬರು ನಿರ್ದೇಶಕರಿಗೂ ಸೈಕಲ್ಲಿನ ಚೆಲುವು ಅದು ಯಾರ ಕೈಗೆ ಸಿಗುತ್ತದೆ ಎಂಬುದರಲ್ಲಿತ್ತು.

ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ಲು ಕೊಡಲು ಆರಂಭಿಸಿತು, ನಂತರ ಗಂಡುಮಕ್ಕಳಿಗೂ ವಿಸ್ತರಿಸಿತು. ಹಳ್ಳಿಯಿಂದ ಹೈಸ್ಕೂಲಿಗೆ ನಾಲ್ಕೈದು ಕಿಲೋಮೀಟರು ನಡೆಯುವ ಹುಡುಗಿಗೆ ಅದು ಓದು ನಿಲ್ಲದಂತೆ ಕಾಯುವ ಸಾಧನ. ಆದರೆ ಸೈಕಲ್ಲಿನ ಗುಣಮಟ್ಟದ ಬಗ್ಗೆ ವರ್ಷವರ್ಷವೂ ದೂರುಗಳಿದ್ದವು. 2020ರ ಕೋವಿಡ್ ಹೊತ್ತಿಗೆ ವಿತರಣೆ ನಿಂತಿತು. ಸೈಕಲ್ಲು ಕೊಟ್ಟಷ್ಟೂ ಕಾಲ ಒಂದು ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ: ಕೆಟ್ಟರೆ ರಿಪೇರಿ ಮಾಡುವವರು ಯಾರು?

ನನ್ನ ಮಟ್ಟಿಗೆ ಉಕ್ಕಿನ ಸೈಕಲ್ಲಿನ ಆಕರ್ಷಣೆಯ ತಿರುಳು ಇಲ್ಲಿದೆ. ಅದು ರಿಪೇರಿಗೆ ಒಪ್ಪುವ ವಸ್ತು. ಕಾರ್ಬನ್ ಫ್ರೇಮು ಸೀಳಿದರೆ ಕೊರಟಗೆರೆಯಲ್ಲಿ ಏನೂ ಮಾಡಲಾಗದು. ಉಕ್ಕು ಮುರಿದರೆ ವೆಲ್ಡಿಂಗ್ ಅಂಗಡಿ ಇದೆ, ಬಾಗಿದರೆ ನೆಟ್ಟಗೆ ಮಾಡಬಹುದು. ನಮ್ಮ ಕರಿ ಸೈಕಲ್ಲಿನಲ್ಲಂತೂ ಒಂದು ಕಂಪನಿಯ ಬಿಡಿಭಾಗ ಇನ್ನೊಂದಕ್ಕೆ ಬಹುಮಟ್ಟಿಗೆ ಕೂರುತ್ತದೆ. ಜಪಾನಿನ ಹಳೆಯ ಸೈಕಲ್ಲು ನಲವತ್ತು ವರ್ಷದ ನಂತರವೂ ಓಡುತ್ತಿರುವುದು ಈ ಗುಣದಿಂದಲೇ. ಸೈಕಲ್ ಶಾಪಿನ ಕೆಲಸ ನೋಡಿ. ಟ್ಯೂಬಿಗೆ ಗಾಳಿ ತುಂಬಿ ಬೋಗುಣಿಯ ನೀರಿನಲ್ಲಿ ಅದ್ದಿ ಗುಳ್ಳೆ ಏಳುವ ಜಾಗ ಗುರುತಿಸುವುದು, ಉಜ್ಜಿ ಸೊಲ್ಯೂಷನ್ ಹಚ್ಚಿ ಅದು ಒಣಗುವವರೆಗೆ ಕಾಯುವುದು. ಆತುರಪಟ್ಟರೆ ಪ್ಯಾಚು ನಿಲ್ಲದು. ಚಕ್ರದ ಔಟ್ ತೆಗೆಯುವುದು ಇನ್ನೂ ಸೂಕ್ಷ್ಮ. ಎಡದ ಕಡ್ಡಿ ಕಾಲು ಸುತ್ತು ಬಿಗಿ, ಬಲದ್ದು ಕಾಲು ಸುತ್ತು ಸಡಿಲ. ಚಕ್ರ ತಿರುಗಿಸಿ, ಬೆರಳ ತುದಿಯಲ್ಲಿ ರಿಮ್ಮಿನ ಓಲಾಟ ಹಿಡಿದು, ಮತ್ತೆ ತಿರುಗಿಸಿ. ಉರ್ದುವಿನಲ್ಲಿ ಇದನ್ನೇ ಹುನರ್ ಎನ್ನುತ್ತೇವೆ. ಉಸ್ತಾದನಿಂದ ಶಾಗಿರ್ದನಿಗೆ ಪುಸ್ತಕವಿಲ್ಲದೆ ದಾಟಿದ ವಿದ್ಯೆ ಇದು. ನಮ್ಮ ಸಣ್ಣ ಪಟ್ಟಣಗಳಲ್ಲಿ ಈ ವಿದ್ಯೆ ಬಹಳಷ್ಟು ಮುಸ್ಲಿಂ ಕೈಗಳಲ್ಲಿದೆ.

ಅದಕ್ಕೇ ಇರಬೇಕು, ‘ಪಂಕ್ಚರ್ ಹಾಕುವವರು’ ಎಂಬುದು ಈ ನಾಡಿನಲ್ಲಿ ಬೈಗುಳವಾಗಿದೆ. 2019ರ ಡಿಸೆಂಬರಿನಲ್ಲಿ ಬೆಂಗಳೂರಿನ ಪುರಭವನದ ಎದುರು ಸಂಸದರೊಬ್ಬರು ಪೌರತ್ವ ಕಾಯ್ದೆಯ ವಿರೋಧಿಗಳನ್ನು ಅನಕ್ಷರಸ್ಥರು, ಪಂಕ್ಚರ್ ಹಾಕುವವರು ಎಂದು ಹೀಗಳೆದರು. ಓದಿದ ನಮ್ಮವರಲ್ಲಿ ಹಲವರಿಗೂ ಅದು ನಾಚಿಕೆಯ ಮಾತಾಗಿ ಕೇಳಿಸಿತು. ನಾವು ಡಾಕ್ಟರು, ಎಂಜಿನಿಯರುಗಳೂ ಇದ್ದೇವೆ ಎಂದು ಉತ್ತರ ಕೊಟ್ಟರು. ಉತ್ತರ ನಿಜ, ಆದರೆ ಸಾಲದು. ಅದು ಕಸುಬಿನ ಮೇಲಿನ ಅವಮಾನವನ್ನು ಹಾಗೇ ಒಪ್ಪಿಕೊಂಡು ತಾನು ಮಾತ್ರ ತಪ್ಪಿಸಿಕೊಳ್ಳುವ ಉತ್ತರ. ಮಗ ಓದಿ ಬೇರೆ ಕೆಲಸಕ್ಕೆ ಹೋಗಲೆಂದು ಮೆಕ್ಯಾನಿಕ್ ಆಸೆಪಡುವುದು ನ್ಯಾಯವೇ. ಅವನಿಗೆ ಬೇರೆ ಬಾಗಿಲುಗಳು ತೆರೆಯದಿರುವುದು ಸಮಾಜದ ತಪ್ಪು. ತೆರೆದಿರುವ ಬಾಗಿಲನ್ನೇ ಹೀಗಳೆಯುವುದು ಅದರ ಮೇಲಿನ ಇನ್ನೊಂದು ತಪ್ಪು.

ಜಪಾನಿನವರು ಈ ಬಾಗಿಲಿನಿಂದಲೇ ಹೊರಬಂದರು. ಪ್ಯಾನಾಸೋನಿಕ್ ಕಟ್ಟಿದ ಕೊನೊಸುಕೆ ಮತ್ಸುಶಿತ ಹುಡುಗನಾಗಿದ್ದಾಗ ಒಸಾಕಾದ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಅವರ ಕಂಪನಿಗೆ ಹೆಸರು ತಂದ ಮೊದಮೊದಲ ಸಾಮಾನುಗಳಲ್ಲಿ 1923ರ ಸೈಕಲ್ ದೀಪವೂ ಒಂದು. ಹೋಂಡಾ ಸ್ಥಾಪಕ ಸೊಯಿಚಿರೊ ಹೋಂಡಾರ ತಂದೆ ಕಮ್ಮಾರ, ಸೈಕಲ್ ರಿಪೇರಿಯೂ ಮಾಡುತ್ತಿದ್ದರು. ಯುದ್ಧದ ನಂತರ ಮಗ ಮೊದಲು ಮಾಡಿದ್ದು ಸೈಕಲ್ಲಿಗೆ ಸಣ್ಣ ಎಂಜಿನ್ ಕೂರಿಸುವ ಕೆಲಸ. ಅಮೆರಿಕದಲ್ಲಿ ವಿಮಾನ ಹಾರಿಸಿದ ರೈಟ್ ಸೋದರರದ್ದೂ ಸೈಕಲ್ ಅಂಗಡಿಯೇ. 1948ರಲ್ಲಿ ಆರಂಭವಾದ ಜಪಾನಿನ ಕೈರಿನ್ ಪಂದ್ಯದಲ್ಲಿ ಪುರುಷರು ಇವತ್ತಿಗೂ ಬಹುಮಟ್ಟಿಗೆ ಮಾನ್ಯತೆ ಪಡೆದ ಉಕ್ಕಿನ ಫ್ರೇಮುಗಳನ್ನೇ ಓಡಿಸುತ್ತಾರೆ. ಕೈಯಿಂದ ಫ್ರೇಮು ಕಟ್ಟುವ ಸಣ್ಣ ಕಾರ್ಯಾಗಾರಗಳು ಅಲ್ಲಿ ಉಳಿಯಲು ಈ ನಿಯಮವೂ ಒಂದು ಕಾರಣ. ಅಂದರೆ ಕಸುಬಿಗೆ ಗೌರವ ಬಂದದ್ದು ಹೊಗಳಿಕೆಯಿಂದಲ್ಲ, ಕೆಲಸ ಸಿಗುವ ವ್ಯವಸ್ಥೆಯಿಂದ.

ನಮ್ಮ ಕೈಯಲ್ಲಾಗುವುದೂ ಅಂಥ ಸಣ್ಣ ವ್ಯವಸ್ಥೆಯೇ. ಮಕ್ಕಳಿಗೆ ಸೈಕಲ್ಲು ಕೊಡುವ ಸರ್ಕಾರ ಅದರ ಜೊತೆ ಹೋಬಳಿಗೊಬ್ಬ ಮೆಕ್ಯಾನಿಕ್ಕಿಗೆ ವರ್ಷದ ರಿಪೇರಿಯ ಗುತ್ತಿಗೆ ಕೊಡಲಿ, ಬಿಡಿಭಾಗ ಒದಗಿಸಲಿ. ಹೈಸ್ಕೂಲಿನಲ್ಲಿ ವಾರಕ್ಕೊಂದು ಗಂಟೆ ಅವನನ್ನೇ ಕರೆಸಿ, ಹುಡುಗ ಹುಡುಗಿಯರಿಗೆ ಪಂಕ್ಚರ್ ಹಾಕುವುದನ್ನು, ಔಟ್ ತೆಗೆಯುವುದನ್ನು ಕಲಿಸಲಿ. ಅವನನ್ನು ಮೇಷ್ಟ್ರೇ ಎಂದು ಕರೆಯಲಿ. ಚನ್ನರಾಯನದುರ್ಗದ ಹುಡುಗಿಯೊಬ್ಬಳು ಜಾಲಿ ಮುಳ್ಳು ಚುಚ್ಚಿದ ಟ್ಯೂಬಿಗೆ ತಾನೇ ಪ್ಯಾಚು ಹಾಕಿ ಶಾಲೆಗೆ ಹೊತ್ತಿಗೆ ಸರಿಯಾಗಿ ಮುಟ್ಟಿದರೆ, ಆ ಸೈಕಲ್ಲಿನ ಚೆಲುವಿನ ಬಗ್ಗೆ ಯಾವ ವಿಮರ್ಶಕನೂ ಬರೆಯಬೇಕಾಗಿಲ್ಲ.