‘ಸರ್ವಾಧಿಕಾರಿ’ ಎಂಬ ಪದದ ಅರ್ಥವಿಚಾರ

ಪ್ರಾಚೀನ ಶಾಸನಗಳಲ್ಲಿಯೂ ಹಸ್ತಪ್ರತಿಗಳಲ್ಲಿಯೂ ಬರುವ ಆಡಳಿತಪದಗಳಲ್ಲಿ ಕೆಲವು ರೂಪಭೇದವಿಲ್ಲದೆ ಇಂದಿಗೂ ಉಳಿದು ಬಂದಿವೆ. ರೂಪವು ಉಳಿದುದರಿಂದ ಅರ್ಥವೂ ಉಳಿದಿದೆಯೆಂಬ ಭ್ರಾಂತಿಗೆ ಇದೇ ಕಾರಣ. ‘ಪೆರ್ಗಡೆ’, ‘ಸೇನಬೋವ’ ಎಂಬ ಪದಗಳು ಎದುರಾದಾಗ ವಾಚಕನು ನಿಂತು ನಿಘಂಟನ್ನು ನೋಡುತ್ತಾನೆ. ‘ಸರ್ವಾಧಿಕಾರಿ’ ಎಂಬಲ್ಲಿ ನಿಲ್ಲುವುದೇ ಇಲ್ಲ. ಇಪ್ಪತ್ತನೆಯ ಶತಮಾನದ ರಾಜಕೀಯ ಬರವಣಿಗೆಯಲ್ಲಿ ಈ ಪದಕ್ಕೆ ನಿರಂಕುಶ ಪ್ರಭು ಎಂಬ ಅರ್ಥ ರೂಢವಾಯಿತು. ಆ ಅರ್ಥವನ್ನು ಹನ್ನೆರಡನೆಯ ಶತಮಾನದ ಶ್ರಾವಕನೊಬ್ಬನ ಮೇಲೆ ಆರೋಪಿಸಿದರೆ ಶಾಸನಕ್ಕೂ ದಾನಿಗೂ ಅನ್ಯಾಯವಾಗುತ್ತದೆ.

ಶ್ರವಣಬೆಳ್ಗೊಳದ ಭಂಡಾರಿ ಬಸದಿಯನ್ನು ಕ್ರಿ.ಶ. 1159ರಲ್ಲಿ ಕಟ್ಟಿಸಿದ ಹುಳ್ಳನು ಹೊಯ್ಸಳ ಒಂದನೆಯ ನರಸಿಂಹನ ಅಧಿಕಾರಿ. ಅವನಿಗೆ ಸಂಬಂಧಿಸಿದ ಶಾಸನಗಳಲ್ಲಿ ಮಹಾಪ್ರಧಾನ, ಸರ್ವಾಧಿಕಾರಿ, ಹಿರಿಯ ಭಂಡಾರಿ ಎಂಬ ಪದವಿಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಇವನ್ನು ಹೊಸಗನ್ನಡಕ್ಕೆ ತರುವಾಗ ಎರಡು ಬಗೆಯ ದೋಷ ಸಂಭವಿಸುತ್ತದೆ. ಪದವನ್ನು ವಿವರಣೆಯಿಲ್ಲದೆ ಹಾಗೆಯೇ ಬಿಡುವುದು ಒಂದು. ‘ಪ್ರಧಾನಮಂತ್ರಿ’ ಎಂದು ಬರೆದು ಮುಗಿಸುವುದು ಮತ್ತೊಂದು. ಮೊದಲನೆಯದರಿಂದ ಅಧಿಕಾರಿಯು ನಿರಂಕುಶನಾಗುತ್ತಾನೆ. ಎರಡನೆಯದರಿಂದ, ಮಹಾಪ್ರಧಾನ ಪದವಿಯನ್ನು ಬೇರೆಯಾಗಿಯೇ ಹೇಳಿರುವ ಶಾಸನಕ್ಕೆ ಪುನರುಕ್ತಿದೋಷ ತಗುಲುತ್ತದೆ.

ಪದದ ನಿಜಾರ್ಥವನ್ನು ಅರಿಯಲು ಶಾಸ್ತ್ರಪರಿಭಾಷೆಯೇ ನೆರವಾಗುತ್ತದೆ. ಗುಣಧರಾಚಾರ್ಯರ ಕಸಾಯಪಾಹುಡದಲ್ಲಿ ಹದಿನೈದು ಅರ್ಥಾಧಿಕಾರಗಳಿವೆ. ತಿಲೋಯಪಣ್ಣತ್ತಿಯಲ್ಲಿ ಒಂಬತ್ತು ಮಹಾಧಿಕಾರಗಳಿವೆ. ಇಲ್ಲಿ ಅಧಿಕಾರವೆಂದರೆ ಒಂದು ವಿಷಯಕ್ಕೆ ಗೊತ್ತುಪಡಿಸಿದ ಎಲ್ಲೆ. ವ್ಯಾಕರಣದ ಅಧಿಕಾರಸೂತ್ರವೂ ಹೀಗೆಯೇ. ಮುಂದಿನ ಸೂತ್ರಗಳಲ್ಲಿ ಅನುವರ್ತಿಸಿ, ತನ್ನ ಅವಧಿ ಮುಗಿದಲ್ಲಿ ನಿಲ್ಲುತ್ತದೆ. ಎಲ್ಲೆಯಿಲ್ಲದ ಅಧಿಕಾರವು ಶಾಸ್ತ್ರದಲ್ಲಿ ಇಲ್ಲ. ಆದುದರಿಂದ ‘ಸರ್ವ’ ಎಂಬುದು ಅಧಿಕಾರದ ಉಚ್ಛೃಂಖಲತೆಯನ್ನು ಹೇಳದೆ ಅದರ ವ್ಯಾಪ್ತಿಯನ್ನು ಮಾತ್ರ ಹೇಳುತ್ತದೆ. ಒಂದು ಇಲಾಖೆಗೆ ಸೀಮಿತವಾಗದೆ ಹಲವನ್ನು ನೋಡಿಕೊಳ್ಳುವ ನಿಯುಕ್ತನೇ ಸರ್ವಾಧಿಕಾರಿ. ಹತ್ತನೆಯ ಶತಮಾನದ ಸೋಮದೇವಸೂರಿಯು ನೀತಿವಾಕ್ಯಾಮೃತದ ಅಮಾತ್ಯಸಮುದ್ದೇಶದಲ್ಲಿ ಬಂಧುಗಳನ್ನು ಅಧಿಕಾರದಲ್ಲಿ ನಿಯೋಜಿಸಬಾರದೆಂದು ನಿಷೇಧಿಸಿರುವುದೂ ಇದಕ್ಕೆ ಪೋಷಕವಾಗಿದೆ. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬ ವಿಚಾರವು ಅರಸನು ವಹಿಸಿಕೊಡುವ ಹೊಣೆಗೆ ಸಲ್ಲುತ್ತದೆಯೇ ಹೊರತು ಸ್ವತಂತ್ರ ಪ್ರಭುತ್ವಕ್ಕೆ ಸಲ್ಲುವುದಿಲ್ಲ.

ಭಂಡಾರಿ ಬಸದಿಯ ವೃತ್ತಾಂತವೇ ಇದಕ್ಕೆ ಸಾಕ್ಷಿ. ಬಸದಿಯನ್ನು ಕಟ್ಟಿಸಿದವನು ಹುಳ್ಳ. ಆದರೆ ಅದರ ಪೂಜಾದಿಗಳಿಗೆ ಸವಣೇರು ಗ್ರಾಮವನ್ನು ಬಿಟ್ಟವನು ನರಸಿಂಹ. ಹುಳ್ಳನ ‘ಸಮ್ಯಕ್ತ್ವಚೂಡಾಮಣಿ’ ಬಿರುದಿಗೆ ಹೊಂದುವಂತೆ ಬಸದಿಗೆ ‘ಭವ್ಯಚೂಡಾಮಣಿ’ ಎಂಬ ಹೆಸರನ್ನು ಕೊಟ್ಟವನೂ ಅರಸನೇ. ಸರ್ವಾಧಿಕಾರಿಯ ಧರ್ಮಕಾರ್ಯಕ್ಕೆ ರಾಜದತ್ತಿಯು ಆಧಾರವಾಯಿತೆಂಬುದರಲ್ಲಿ ಆ ಪದವಿಯ ಎಲ್ಲೆ ಸ್ಪಷ್ಟವಾಗಿದೆ. ಮತ್ತೊಂದು ಸಂಗತಿಯೂ ಗಮನಾರ್ಹ. ಜನರು ಬಸದಿಯನ್ನು ಕರೆದುದು ಸರ್ವಾಧಿಕಾರಿಯ ಹೆಸರಿನಿಂದಲ್ಲ, ಭಂಡಾರಿಯ ಹೆಸರಿನಿಂದ. ಅವರ ನೆನಪಿನಲ್ಲಿ ನಿಂತದ್ದು ಬೊಕ್ಕಸದ ಹೊಣೆ.

ಹದಿನೆಂಟನೆಯ ಶತಮಾನದ ಮೈಸೂರಿನಲ್ಲಿ ಕರಾಚೂರಿ ನಂಜರಾಜಯ್ಯ, ಅನಂತರ ಹೈದರಾಲಿ ಸರ್ವಾಧಿಕಾರಿ ಪದವಿಯಲ್ಲಿದ್ದು ಅರಸನನ್ನು ನಾಮಮಾತ್ರಕ್ಕೆ ಉಳಿಸಿದ್ದರಲ್ಲವೇ ಎಂಬ ಆಕ್ಷೇಪ ಬರಬಹುದು. ಇದು ವಾಸ್ತವವೇ. ಆದರೆ ಅದು ಆ ಪದವಿಯನ್ನು ವಹಿಸಿದವರ ಬಲ, ಪದದ ಅರ್ಥವಲ್ಲ. ಅರಸೊತ್ತಿಗೆ ಕುಗ್ಗಿದ ಕಾಲದ ಸ್ಥಿತಿಯನ್ನು ಆರು ನೂರು ವರ್ಷಗಳ ಹಿಂದಿನ ಶಾಸನಕ್ಕೆ ಪ್ರಮಾಣವಾಗಿ ಒಡ್ಡುವುದು ಯುಕ್ತವಲ್ಲ.

ಬೆಳ್ಗೊಳದ ಶಾಸನವು ಜಿನಶಾಸನೋದ್ಧಾರಕರಾಗಿ ಚಾವುಂಡರಾಯ, ಗಂಗರಾಜ, ಹುಳ್ಳ ಎಂಬ ಮೂವರನ್ನು ಸ್ಮರಿಸುತ್ತದೆ. ಮೂವರೂ ಅರಸರಲ್ಲ, ಅರಸರ ಸೇವೆಯಲ್ಲಿದ್ದ ಶ್ರಾವಕರು. ಅಧಿಕಾರವನ್ನು ಹೊಣೆಯೆಂದು ತಿಳಿದು ಧರ್ಮಕ್ಕೆ ವಿನಿಯೋಗಿಸಿದುದೇ ಅವರ ಹಿರಿಮೆ. ಹುಳ್ಳನನ್ನು ನಿರಂಕುಶನೆಂದು ಓದಿದರೆ ಆ ಹಿರಿಮೆಯೇ ಅಳಿಯುತ್ತದೆ. ಸಂಪಾದಕರು ಮೂಲದ ‘ಸರ್ವಾಧಿಕಾರಿ’ಯನ್ನು ಹಾಗೆಯೇ ಉಳಿಸಲಿ, ಆದರೆ ಅದರ ಕೆಳಗೆ ‘ರಾಜನಿಯುಕ್ತನಾದ ಸಮಸ್ತ ಕಾರ್ಯನಿರ್ವಾಹಕ’ ಎಂಬ ಟಿಪ್ಪಣಿಯನ್ನು ಕೊಡುವುದು ಅವಶ್ಯವಾಗಿದೆ.